ಬೀಗರಿಗೊಂದು ಪರಕಾರ

ಗಂಡಸು ಹೆಂಗಸರ ಪರಕಾರ ಉಡುವುದೇನು ಎಂದು ಮೂಗು ಮುರಿಯುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಬೆಲ್ಲದ ಗಾಣದ ಒಲೆ ಎಂದರೇನು ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ನಮ್ಮ ಮೇಲವಂಕಿಯ ಬಸವಲಿಂಗ ಅರ್ಧ ಆಯುಷ್ಯ ಆ ಒಲೆಯ ಮುಂದೆಯೇ ಕಳೆದವನು. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಸಿ ಬೆಲ್ಲ ಇಳಿಸುವುದು ಅವನ ಕೆಲಸ. ನನ್ನ ಹೊಲ ಗಾಣದ ಬಾಜೂ ಇದೆ. ಹಾಗಾಗಿ ನಾನು ಹೇಳುತ್ತಿರುವುದು ಕೇಳಿದ ಸುದ್ದಿಯಲ್ಲ, ಕಂಡದ್ದು.

ಪ್ಯಾಂಟು ಹಾಕಿದರೆ ಬೆವರಿಗೆ ಅವನ ತೊಡೆಗಳು ಉಜ್ಜಿ ಚರ್ಮ ಕಿತ್ತು ಬರುತ್ತಿತ್ತು. ಲುಂಗಿ ಉಟ್ಟು ನೋಡಿದ. ಗಾಣಕ್ಕೆ ಗೋಡೆ ಇಲ್ಲ, ನಾಲ್ಕು ಕಂಬದ ಮೇಲೆ ತಗಡು ಅಷ್ಟೇ. ಗಾಳಿ ಎದ್ದರೆ ಲುಂಗಿ ಬಿಚ್ಚಿಕೊಂಡು ಒಲೆಯ ಕಡೆಗೇ ಹಾರುತ್ತಿತ್ತು. ಎರಡೂ ಕೈಯಿಂದ ಪಾಕ ತಿರುವುವವನು ಲುಂಗಿಯನ್ನು ಯಾವ ಕೈಯಿಂದ ಹಿಡಿದಾನು? ಒಂದು ದಿನ ಅಂಚಿಗೆ ಬೆಂಕಿಯೇ ಹತ್ತಿತು. ಮರುದಿನ ಹೆಂಡತಿ ಕೆಂಚವ್ವ ಸೀರೆಯ ಒಳಗೆ ಉಡುವ ಹಳೆಯ ಪರಕಾರವನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ಉಟ್ಟುಕೊಂಡು ಬಂದ. ಸುತ್ತಲೂ ಹೊಲಿದದ್ದು, ಲಾಡಿ ಎಳೆದು ಕಟ್ಟಿದರೆ ಯಾವ ಗಾಳಿಗೂ ಜಗ್ಗುವುದಿಲ್ಲ, ಒಳಗೂ ತಂಪು. ಗಾಣದ ಮಾಲೀಕ ಹನಮಂತ ಎರಡು ದಿನ ನಕ್ಕು ಸುಮ್ಮನಾದ. ಬೆಲ್ಲ ನೆಟ್ಟಗೆ ಬಂದರೆ ಅವನಿಗೆ ಸಾಕು.

ಆದರೆ ನಮ್ಮ ಕಡೆ ಗಂಡಸು ಪರಕಾರ ಉಟ್ಟರೆ ಮಂದಿಗೆ ತೋಚುವುದೇ ಬೇರೆ. ಎಲ್ಲಮ್ಮ ತಾಯಿ ಒಲಿದಿದ್ದಾಳೆ, ಈತ ದೇವಿಗಾಗಿ ಹೆಣ್ಣುಡುಗೆ ಉಡುವ ಜೋಗಪ್ಪ ಆಗಿದ್ದಾನೆ ಎಂದೇ ತಿಳಿಯುತ್ತಾರೆ. ಕಬ್ಬು ತಂದ ಪರವೂರಿನವರು ದೂರದಿಂದಲೇ ಕೈ ಮುಗಿಯತೊಡಗಿದರು. ಒಬ್ಬಾಕೆ ದೇವಿಯ ಅರಿಸಿನ ಭಂಡಾರ ತಂದು ಹಣೆಗೆ ಹಚ್ಚಿಯೇ ಬಿಟ್ಟಳು. "ಝಳಕ್ಕ ಉಟ್ಟೇನ್ರಿ, ಮತ್ತೇನಿಲ್ಲ" ಎಂದು ಬಸವಲಿಂಗ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ.

ಅವನ ಮಗಳು ಕಾಜಲ್ ಅರಭಾವಿಯಲ್ಲಿ ಸಸಿ ಬೆಳೆಸುವ ಕೆಲಸಕ್ಕೆ ಹೋಗುತ್ತಾಳೆ. ಅಲ್ಲೇ ದುಡಿಯುವ ಹುಕ್ಕೇರಿ ಕಡೆಯ ಸುನೀಲ ಅವಳನ್ನು ಮೆಚ್ಚಿದ್ದ, ಅವಳೂ ಅವನನ್ನು ಮೆಚ್ಚಿದ್ದಳು. ಸುನೀಲನ ತಾಯಿ ಗೌರಕ್ಕ ಹೂಂ ಎನ್ನುವುದೊಂದೇ ಬಾಕಿ ಇತ್ತು. ಹೆಣ್ಣು ನೋಡಲು ಬಂದ ಆಕೆ ಬಸ್ಸು ಇಳಿದು ಮನೆಗೆ ಹೋಗುವ ಬದಲು ಹೆಣ್ಣಿನ ಅಪ್ಪನನ್ನು ಕಾಣಲು ದಾರಿಯಲ್ಲಿದ್ದ ಗಾಣಕ್ಕೇ ಬಂದಳು. ಕರೆದೊಯ್ಯಲು ಕೆಂಚವ್ವ ಓಡಿ ಬರುವುದರೊಳಗೆ ಗೌರಕ್ಕ ಬಸವಲಿಂಗನ ಕಾಲಿಗೆ ಬಿದ್ದಾಗಿತ್ತು.

"ಯಾವಾಗ ಮುತ್ತ ಕಟ್ಟಿಸಿಕೊಂಡ್ರಿ ಯಪ್ಪಾ? ಇಂಥಾ ಮನಿ ಸಿಕ್ಕಿದ್ದ ನಮ್ಮ ಪುಣ್ಯಾ" ಎಂದಳು. ದೇವಿಗೆ ಬಿಟ್ಟವರು ಮುತ್ತು ಕಟ್ಟಿಸಿಕೊಳ್ಳುತ್ತಾರೆ.

ಹಿಂದೆ ನಿಂತ ಕೆಂಚವ್ವ ಸುಮ್ಮನಿರು ಎಂದು ಗಂಡನಿಗೆ ಕಣ್ಣಲ್ಲೇ ಗೋಗರೆದಳು. ಸುಮ್ಮನಿದ್ದಿದ್ದರೂ ಸಾಕಿತ್ತು.

"ಏಳ್ರಿ ಅಕ್ಕಾರ. ನನಗ ತಾಯಿ ಒಲದಿಲ್ಲ. ಇದು ನಮ್ಮಾಕಿದು. ಝಳಾ ತಡಿಯಾಕ ಆಗಲಾರ್ದಕ್ಕ ಉಟ್ಟೇನಿ" ಎಂದ ಬಸವಲಿಂಗ.

ಗೌರಕ್ಕ ಎದ್ದು ಸೆರಗು ಝಾಡಿಸಿದಳು. "ತಾಯಿ ಉಡಿಸಿದ್ದರ ನಿಮ್ಮ ಕಾಲ ತೊಳದ ನೀರ ಕುಡಿತಿದ್ದೆ. ಝಳಕ್ಕ ಹೆಂಡ್ತಿ ಪರಕಾರ ಉಟ್ಟಾರಂದ್ರ ನಾಚಿಕಿ ಬಿಟ್ಟಾರಂತ ಆತು. ನಮ್ಮ ಊರ ಮಂದಿಗಿ ಏನಂತ ಹೇಳ್ಲಿ?"

"ನಾಳಿಂದ ಉಡಾಂಗಿಲ್ರಿ, ಮಾತ ಕೊಡತೇನಿ. ಮಗಳದ ಅಷ್ಟ ಹೂಂ ಅನ್ರಿ."

ಆಕೆ ಹೂಂ ಎಂದಳು. ನನಗೆ ಮೈಯೆಲ್ಲ ಉರಿಯಿತು. ಸುಳ್ಳಿಗೆ ಅಡ್ಡ ಬೀಳುವವರು ಖರೆ ಹೇಳಿದವನಿಗೆ ನಾಚಿಕೆ ಕಲಿಸುತ್ತಾರೆ. ಆದರೆ ಹೆಣ್ಣು ಹೆತ್ತವನ ಎದುರು ನಾನು ಏನು ಮಾತಾಡಲಿ?

ಮದುವೆಗೆ ಇನ್ನೂ ಎರಡು ತಿಂಗಳಿತ್ತು. ಬಸವಲಿಂಗ ಪ್ಯಾಂಟಿನಲ್ಲೇ ಒಲೆಯ ಮುಂದೆ ನಿಂತ. ತೊಡೆ ಸಂದು ಹುಣ್ಣಾಯಿತು. ಮೂಡಲಗಿಯ ಡಾಕ್ಟರು ಮುಲಾಮು ಕೊಟ್ಟು, ಗಾಳಿ ಆಡಲಿ ಎಂದರು. ಕಾಲು ಅಗಲಿಸಿ ನಡೆಯುವುದನ್ನು ನೋಡಲಾಗದೆ ನಾನೇ ಹೇಳಿದೆ: "ಹುಚ್ಚಾ, ಹುಕ್ಕೇರಿಯಿಂದ ಯಾರ ನೋಡಾಕ ಬರತಾರ? ಉಟಗೋ."

"ಮಾತ ಕೊಟ್ಟೇನಲೋ" ಎಂದ. ಅಷ್ಟೇ.

ಮದುವೆಯ ಹೋಳಿಗೆಗೆ ಬೆಲ್ಲ ಒಯ್ಯಲು ಗೌರಕ್ಕ ಮತ್ತೆ ಗಾಣಕ್ಕೆ ಬಂದಳು. "ಬೀಗರ ಯಾಕ ಹಂಗ ನಡಿಯಾಕತ್ತಾರ?" ಎಂದು ಕೆಂಚವ್ವನನ್ನು ಕೇಳಿದಳು.

"ನಿಮ್ಮ ಮರ್ಯಾದಿ ಹೊತ್ತಾರಲ್ರಿ, ಭಾರ ಆಗೇತಿ" ಎಂದುಬಿಟ್ಟಳು ಕೆಂಚವ್ವ. ಆಮೇಲೆ ಗಂಡನ ಗತಿಯನ್ನೆಲ್ಲ ಒಂದೂ ಬಿಡದೆ ಹೇಳಿದಳು. ಗೌರಕ್ಕ ಬೆಲ್ಲ ಹೊರಿಸಿಕೊಂಡು ಹೊರಟೇ ಹೋದಳು. ಆಕೆ ಹೋದ ಮೇಲೆ ಕೆಂಚವ್ವ, ಬಾಯಿ ತಡೆಯದೆ ಮಗಳ ಮದುವೆ ಮುರಿದೆನಲ್ಲ ಎಂದು ಹಣೆ ಚಚ್ಚಿಕೊಂಡಳು. ಹುಕ್ಕೇರಿ ಕಡೆಯಿಂದ ಒಂದು ಫೋನೂ ಇಲ್ಲ, ತಾಯಿಯ ಮನಸ್ಸಿನಲ್ಲಿ ಏನಿದೆ ಎಂದು ಸುನೀಲನಿಗೂ ಗೊತ್ತಾಗಲಿಲ್ಲ. ಕಾಜಲ್ ತಾಯಿಯ ಜೊತೆ ಮಾತು ಬಿಟ್ಟಳು.

ಮದುವೆಯ ದಿನ ದಿಬ್ಬಣ ಬಂತು. ಅಕ್ಕಿಕಾಳು ಬಿದ್ದವು. ಆದರೂ ಗೌರಕ್ಕನ ಮುಖ ಬಿಗಿದೇ ಇತ್ತು. ಆಮೇಲೆ ಆಯೇರಿ ಶುರುವಾಯಿತು. ಯಾರು ಯಾರಿಗೆ ಏನು ಉಡುಗೊರೆ ಕೊಟ್ಟರು ಎಂದು ನಮ್ಮೂರಿನ ಮಾಳು ಮೈಕಿನಲ್ಲಿ ಕೂಗುತ್ತಿದ್ದ. ಗೌರಕ್ಕ ಕೊಟ್ಟ ಗಂಟು ಬಿಚ್ಚಿದರೆ ಒಳಗೆ ದಪ್ಪ ಹತ್ತಿ ಬಟ್ಟೆಯ ಹೊಸ ಪರಕಾರ. ಮೊಣಕಾಲಿನ ಕೆಳಗಿನಷ್ಟೇ ಉದ್ದ, ಬದಿಗೊಂದು ಕಿಸೆ.

"ಗೌರಕ್ಕನಿಂದ ಬೀಗತಿಗಿ ಒಂದು ಪರಕಾರ" ಎಂದು ಕೂಗಿದ ಮಾಳು.

ಗೌರಕ್ಕ ಅವನ ಕೈಯಿಂದ ಮೈಕು ಇಸಿದುಕೊಂಡಳು. "ಬೀಗತಿಗಲ್ಲ, ಬೀಗರಿಗಿ. ನಾನ ಕುಂತ ಹೊಲದೇನಿ."

ಪೆಂಡಾಲಿನಲ್ಲಿ ನಗು ಎದ್ದಿತು. ಆಕೆಯ ಊರಿನವರೇ ಹೆಚ್ಚು ನಕ್ಕರು. ಆಕೆ ಅವರ ಕಡೆ ತಿರುಗಿಯೂ ನೋಡಲಿಲ್ಲ.

"ನನಗ ಕೊಟ್ಟ ಮಾತ ಉಳಿಸಾಕ ಮೈ ಹುಣ್ಣ ಮಾಡಿಕೊಂಡೀರಿ. ತಪ್ಪಾತ್ರಿ ಬೀಗರ. ಇದನ್ನ ಉಡ್ರಿ, ಯಾರರ ಕೇಳಿದರ ನಮ್ಮ ಬೀಗತಿ ಉಡಿಸ್ಯಾಳ ಅನ್ರಿ."

ಬಸವಲಿಂಗ ಎರಡೂ ಕೈಯಿಂದ ಪರಕಾರ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ. ಒತ್ತಿಕೊಂಡವನು ಬೇಗ ಕೆಳಗಿಳಿಸಲಿಲ್ಲ. ನಾನೂ ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.