ಗ್ಯಾಸ್ ಬಂತೆಂದು ಹೊರಟವಳು

ಕುಂದಾಪುರದ ಹೊರವಲಯದ ಒಂದು ಗೇರುಬೀಜ ಕಾರ್ಖಾನೆಯಲ್ಲಿ ನಾನು ಒಂಬತ್ತು ವರ್ಷ ದುಡಿದೆ. ಮೊದಲ ನಾಲ್ಕು ವರ್ಷ ಉಳಿದ ಹೆಂಗಸರ ಹಾಗೆಯೇ ಮೇಜಿನ ಮುಂದೆ ಕುಳಿತು ಬೀಜದ ಒಳಸಿಪ್ಪೆ ತೆಗೆಯುತ್ತಿದ್ದೆ. ಒಂದು ದಿನ ಪಕ್ಕದವಳ ತುರುಬಿನಿಂದ ಎರಡು ಬಿಳಿ ಬೀಜ ಕೆಳಗೆ ಬಿದ್ದದ್ದು ನನ್ನ ಕಣ್ಣಿಗೆ ಬಿತ್ತು. ಮ್ಯಾನೇಜರಿಗೆ ಹೋಗಿ ಹೇಳಿದೆ. ಅವಳ ಕೆಲಸ ಹೋಯಿತು. ಸ್ವಲ್ಪ ದಿನದಲ್ಲೇ ನನ್ನನ್ನು ಸೂಪರ್‌ವೈಸರ್ ಮಾಡಿದರು. ಅನುಮಾನ ಪಡುವುದು ನನಗೆ ಬರುತ್ತದೆ ಎಂಬ ಕಾರಣಕ್ಕೇ ಆ ಕುರ್ಚಿ ಸಿಕ್ಕಿದ್ದು ಎಂದು ನನಗೂ ಗೊತ್ತಿತ್ತು, ಮ್ಯಾನೇಜರಿಗೂ ಗೊತ್ತಿತ್ತು.

ಕೆಲಸದ ನಡುವೆ ಮನೆಗೆ ಹೋಗಬೇಕಾದವರಿಗೆ ಗೇಟಿನ ಚೀಟಿ ಬರೆದುಕೊಡುವುದು ನನ್ನ ಪಾಲಿಗೆ ಬಂತು. ಚೀಟಿಯಲ್ಲಿ ಕಾರಣ ಬರೆಯಲು ಒಂದು ಗೆರೆ ಇರುತ್ತಿತ್ತು. ಮನೆಯಲ್ಲಿ ಸಾವು, ಮಗುವಿಗೆ ಜ್ವರ, ತಲೆ ತಿರುಗಿ ಬಿದ್ದದ್ದು, ಇವಿಷ್ಟನ್ನು ಮ್ಯಾನೇಜರ್ ಎರಡನೇ ಮಾತಿಲ್ಲದೆ ಒಪ್ಪುತ್ತಿದ್ದರು. ಆದರೆ ಹೆಂಗಸರ ಜೀವನದಲ್ಲಿ ಇನ್ನೂ ಏನೇನೋ ನಡೆಯುತ್ತದೆ. ದನ ಕರು ಹಾಕುವ ಹೊತ್ತು ಎಂದು ಒಬ್ಬಳು ಬರುತ್ತಾಳೆ. ಮಗಳನ್ನು ನೋಡಲು ಗಂಡಿನ ಕಡೆಯವರು ಹೇಳದೆ ಕೇಳದೆ ಬಂದು ಜಗಲಿಯಲ್ಲಿ ಕೂತಿದ್ದಾರೆ ಎಂದು ಇನ್ನೊಬ್ಬಳು. ನಾನು ಮುಖ ನೋಡಿ, ದನಿ ಕೇಳಿ, ನಿಜವೋ ಸುಳ್ಳೋ ತೀರ್ಮಾನಿಸುತ್ತಿದ್ದೆ. ಹೆಚ್ಚಾಗಿ ಸರಿಯಾಗಿಯೇ ಇರುತ್ತಿತ್ತು.

ಫೋನುಗಳನ್ನು ಒಳಗೆ ಒಯ್ಯುವಂತಿರಲಿಲ್ಲ. ನನ್ನ ಕುರ್ಚಿಯ ಹಿಂದೆ ಒಂದು ಮರದ ಗೂಡಿತ್ತು. ಬೆಳಿಗ್ಗೆ ಎಲ್ಲರೂ ಅದರಲ್ಲಿ ಫೋನ್ ಇಟ್ಟು ಹೋಗುತ್ತಿದ್ದರು. ಯಾವುದಾದರೂ ರಿಂಗಾದರೆ ಪರದೆಯ ಮೇಲಿನ ಹೆಸರು ನೋಡಿ ನಾನೇ ಕೂಗಿ ಕರೆಯುತ್ತಿದ್ದೆ.

ಕಿಟಕಿಯ ಹತ್ತಿರದ ಮೇಜಿನಲ್ಲಿ ಒಬ್ಬಳಿದ್ದಳು. ನಲವತ್ತರ ಆಸುಪಾಸು, ಬೈಂದೂರು ದಾರಿಯ ಕಡಲ ಬದಿಯ ಊರಿನವಳು. ಮನೆಯಲ್ಲಿ ಅವಳು ಮತ್ತು ಅತ್ತೆ, ಇಬ್ಬರೇ. ಮಕ್ಕಳಿಲ್ಲ. ಗಂಡ ರತ್ನಾಗಿರಿಯ ಬೋಟಿನಲ್ಲಿ ಮೀನುಗಾರಿಕೆಗೆ ಹೋಗಿದ್ದಾನೆ ಎಂದು ಎಲ್ಲರಿಗೂ ಗೊತ್ತಿತ್ತು. ಸಿಪ್ಪೆ ತೆಗೆಯುವಾಗ ಅವಳ ಕೈಯಲ್ಲಿ ಒಂದು ಬೀಜವೂ ಒಡೆದು ಚೂರಾಗುತ್ತಿರಲಿಲ್ಲ. ಮಾತು ಕಡಿಮೆ. ಅಂಥವರ ಮೇಲೆ ನನಗೆ ಮೊದಲಿನಿಂದಲೂ ಒಂದು ಕಣ್ಣು.

ಆ ವರ್ಷ ಮಳೆ ಹಿಡಿದ ಮೇಲೆ ಅವಳ ಫೋನ್ ರಿಂಗಾಗಲು ಶುರುವಾಯಿತು. ಪರದೆಯ ಮೇಲೆ ‘ಗ್ಯಾಸ್’ ಎಂದು ಬರುತ್ತಿತ್ತು. ಕರೆದರೆ ಬಂದು ಫೋನ್ ತೆಗೆದುಕೊಂಡು ಗೋಡೆಯ ಕಡೆ ತಿರುಗಿ, "ಹ್ಞಾಂ... ಬತ್ತೆ" ಎಂದಷ್ಟೇ ಹೇಳಿ ಇಡುತ್ತಿದ್ದಳು. ಆಮೇಲೆ ನನ್ನ ಮುಂದೆ ನಿಲ್ಲುತ್ತಿದ್ದಳು.

"ಅಕ್ಕಾ, ಗ್ಯಾಸ್ ಬಂತಂಬ್ರ್. ಅತ್ತೆಗೆ ಬಾಗ್ಲಿಂದ ಒಳ್ಗ್ ತಪ್ಪುಕ್ ಆತಿಲ್ಲೆ. ನಾನ್ ಹೋಯ್ಕ್."

ಮುದುಕಿ ಸಿಲಿಂಡರನ್ನು ಬಾಗಿಲಿಂದ ಒಳಗೆ ತರಲಾರಳು, ನಿಜವೇ ಎಂದುಕೊಂಡು ಮೊದಲ ಸಲ ಚೀಟಿ ಕೊಟ್ಟೆ. ತಿಂಗಳು ಕಳೆಯುವ ಮೊದಲೇ ಮತ್ತೆ ಗ್ಯಾಸ್. ಅದಾಗಿ ಹದಿನೈದು ದಿನಕ್ಕೆ ಇನ್ನೊಮ್ಮೆ. ಇಬ್ಬರು ಹೆಂಗಸರ ಮನೆಯಲ್ಲಿ ಎರಡು ತಿಂಗಳಿಗೂ ಮುಗಿಯದ ಸಿಲಿಂಡರ್ ಇವರ ಮನೆಯಲ್ಲಿ ಹೀಗೆ ಖಾಲಿಯಾಗುವುದು ಹೇಗೆ? ನಾನು ಮ್ಯಾನೇಜರಿಗೆ ಹೇಳಿದೆ. ಅವರಿಗೆ ಅನುಮಾನ ಬಂದದ್ದು ಬೀಜದ ಮೇಲೆ.

"ನೀವ್ ಸಮಾ ಚೆಕ್ ಮಾಡ್ಸಿ. ಊಟದ ಡಬ್ಬಿ ಬಿಡ್ಬೇಡಿ" ಎಂದರು.

ಮುಂದಿನ ಸಲ ಗೇಟಿನ ಹೆಂಗಸು ಅವಳ ಚೀಲ ಕೊಡವಿದಳು, ಡಬ್ಬಿಯ ಮುಚ್ಚಳ ತೆಗೆಸಿದಳು, ತುರುಬು ಬಿಚ್ಚಿಸಿದಳು, ಸೀರೆಯ ನೆರಿಗೆ ಮುಟ್ಟಿ ನೋಡಿದಳು. ಅವಳು ಕೈ ಎರಡೂ ಅಗಲಿಸಿಕೊಂಡು ರಸ್ತೆಯ ಕಡೆ ನೋಡುತ್ತ ನಿಂತಿದ್ದಳು. ಏನೂ ಸಿಗಲಿಲ್ಲ. ಕೂದಲು ಕಟ್ಟಿಕೊಳ್ಳುತ್ತಲೇ ಬಸ್ಸಿಗೆ ಓಡಿದಳು.

ಏನೂ ಸಿಗದೆ ಹೋದದ್ದರಿಂದ ನನ್ನ ಅನುಮಾನ ಬೇರೆ ಕಡೆ ತಿರುಗಿತು. ಮೇಜಿನ ಹೆಂಗಸರು ಆಗಲೇ ಮಾತಾಡಿಕೊಳ್ಳುತ್ತಿದ್ದರು. ಒಬ್ಬಳು ನನಗೆ ಕೇಳಿಸುವ ಹಾಗೆಯೇ ಹೇಳಿದಳು: "ಗಂಡ ರತ್ನಾಗಿರಿಯಂಗಿತ್ತ. ಇಲ್ಲ್ ಗ್ಯಾಸ್ ತಪ್ಪುಕ್ ಯಾರ್ ಬತ್ರೋ ಯಾರಿಗ್ ಗೊತ್ತಿತ್ತ್!" ಎಲ್ಲರೂ ನಕ್ಕರು. ನಾನು ಗದರಲಿಲ್ಲ. ನಾನೂ ಅದನ್ನೇ ಯೋಚಿಸುತ್ತಿದ್ದೆ.

ಮುಂದಿನ ಸಲ ಫೋನ್ ಬಂದಾಗ ನಾನು ಒಂದು ಕೆಲಸ ಮಾಡಿದೆ. ಅವಳಿಗೆ ಚೀಟಿ ಕೊಟ್ಟು, ನೇರ ಮ್ಯಾನೇಜರ ಕೋಣೆಗೆ ಹೋಗಿ, ತಲೆ ಸಿಡಿಯುತ್ತಿದೆ, ಮನೆಗೆ ಹೋಗುತ್ತೇನೆ ಎಂದೆ. ಅವರು ಮುಖ ಎತ್ತದೆ ಸಹಿ ಹಾಕಿದರು. ನನ್ನ ಮನೆ ಇರುವುದು ಬ್ರಹ್ಮಾವರದಲ್ಲಿ, ದಕ್ಷಿಣಕ್ಕೆ. ನಾನು ಹತ್ತಿದ್ದು ಉತ್ತರಕ್ಕೆ, ಬೈಂದೂರಿಗೆ ಹೋಗುವ ಬಸ್ಸು. ಅವಳು ಮುಂದಿನ ಬಾಗಿಲಲ್ಲಿ ಹತ್ತಿದಳು, ನಾನು ಹಿಂದಿನದರಲ್ಲಿ. ತಲೆಯ ಮೇಲೆ ಸೆರಗು ಹಾಕಿಕೊಂಡು ಕೊನೆಯ ಸೀಟಿನಲ್ಲಿ ಮುದುರಿ ಕುಳಿತೆ.

ಅವಳ ಊರಿನ ಸ್ಟಾಪ್ ಬಂತು. ಅವಳು ಏಳಲಿಲ್ಲ. ಬಸ್ಸು ಹೊರಟಿತು. ನಾನು ಕತ್ತು ಚಾಚಿ ಅವಳನ್ನೇ ನೋಡಿದೆ. ಹಿಡಿದೆ ಎಂದು ಆಗ ಸಂತೋಷವಾಯಿತು, ಈಗ ಒಪ್ಪಿಕೊಳ್ಳುತ್ತೇನೆ.

ಬೈಂದೂರಿನಲ್ಲಿ ಇಳಿದು ಅವಳು ಯಾರನ್ನೂ ಹುಡುಕದೆ, ಅತ್ತಿತ್ತ ನೋಡದೆ, ಗೊತ್ತಿರುವ ದಾರಿಯಲ್ಲಿ ನಡೆದಳು. ನಾನು ಕೊಡೆ ಅಡ್ಡ ಹಿಡಿದು ಹಿಂದೆ ಹೋದೆ. ಒಂದು ಆಸ್ಪತ್ರೆಯ ಕಾಂಪೌಂಡಿಗೆ ಹೊಕ್ಕು, ಕಟ್ಟಡದ ಹಿಂಬದಿಗೆ ಹೋದಳು. ಅಲ್ಲಿ ಒಬ್ಬ ಪೊಲೀಸಿನವನು ಕಾಯುತ್ತಿದ್ದ. ಅವನನ್ನು ಕಂಡಾಗ ನನಗೆ ಮೊದಲು ಹೊಳೆದದ್ದು ಕಳ್ಳತನವೇ. ಆಮೇಲೆ ಅವನು ಅವಳ ಜೊತೆ ಮೆಲ್ಲಗೆ ಮಾತಾಡುವುದನ್ನು ನೋಡಿ, ಗ್ಯಾಸ್ ಎಂದು ಫೋನ್ ಮಾಡುವವನು ಇವನೇ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ಆಸ್ಪತ್ರೆಯ ಆಳೊಬ್ಬ ಬಂದು ಮೂಲೆಯ ಸಣ್ಣ ಕೋಣೆಯ ಬೀಗ ತೆಗೆದ. ಬಾಗಿಲು ತೆರೆದದ್ದೇ ವಾಸನೆ ನಾನು ನಿಂತಲ್ಲಿಗೂ ಬಂತು. ಅದು ಹೆಣ ಇಡುವ ಕೋಣೆ.

ಅವಳು ಒಳಗೆ ಹೋಗಿ ಒಂದು ನಿಮಿಷವೂ ಆಗುವ ಮೊದಲು ಹೊರಗೆ ಬಂದಳು. ಪೊಲೀಸಿನವನ ಕಡೆ ನೋಡಿ ಅಲ್ಲ ಎಂದು ತಲೆಯಾಡಿಸಿದಳು. ಗೋಡೆ ಬದಿಯ ನಲ್ಲಿಯಲ್ಲಿ ಕೈಕಾಲು ತೊಳೆದು ತಿರುಗಿದವಳು ನನ್ನನ್ನು ನೋಡಿದಳು. ಕೊಡೆ ಅಡ್ಡ ಹಿಡಿಯಬೇಕೆಂಬುದು ನನಗೆ ಮರೆತೇಹೋಗಿತ್ತು.

"ನನ್ ಹಿಂದ್ ಬಂದ್ರ್ಯಾ, ಅಕ್ಕಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೌದು" ಎಂದೆ.

ಅವಳು ಸಿಟ್ಟು ಮಾಡಲಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಇಬ್ಬರೂ ಕುಳಿತೆವು. ಅವಳೇ ಹೇಳಿದಳು.

"ಗಂಡ ಮನಿಗ್ ಬರ್ದೆ ಮೂರ್ ವರ್ಷ ಆಯ್ತ್. ಬೋಟಿಂದ ಇಳ್ದವ್ರ್ ಎಲ್ಲ್ ಹೋದ್ರ್ ಅಂದ್ ಯಾರಿಗೂ ಗೊತ್ತಿಲ್ಲೆ. ಈ ಮಳಿಗಾಲಕ್ ಮುಂಚೆ ನಾನೇ ಸ್ಟೇಶನ್ನಿಗೆ ಹೋಯಿ ಕಂಪ್ಲೇಂಟ್ ಬರ್ಸಿ ಬಂದೆ. ಕಡಲ ಬದಿಯಂಗೆ, ರೈಲ್ವೆ ಹಳಿಯಂಗೆ ಎಲ್ಲಾದ್ರೂ ಗುರ್ತಿಲ್ದ್ ಹೆಣ ಸಿಕ್ರೆ ಪೊಲೀಸ್ನವ್ರ್ ಫೋನ್ ಮಾಡ್ತ್ರ್. ನಾನ್ ಬಂದ್ ಕಾಂಬುದ್, ಅಲ್ಲ ಅಂಬುದ್, ಹೋಪ್ದ್."

"ರತ್ನಾಗಿರಿಯಂಗೆ ಇದ್ರ್ ಅಂದಿದ್ದೆ ಅಲ್ದಾ?"

"ಅದ್ ಅತ್ತೆಗ್ ಹೇಳಿದ್ದ್. ಅವ್ರಿಗ್ ಒಬ್ನೇ ಮಗ. ಎದೆ ಸಮ ಇಲ್ಲೆ. ಅವ್ರಿಗ್ ಹಾಂಗ್ ಹೇಳ್ದ್ ಮೇಲೆ ಊರಿಗೂ ಹಾಂಗೇ ಹೇಳ್ಕಲ್ದಾ?"

"ನನ್ ಹತ್ರ ಆದ್ರೂ ನಿಜ ಹೇಳ್ಲಕ್ಕಿತ್ತ್. ಇಂಥಾ ಕಾರಣಕ್ಕೆ ಯಾರ್ ಬೇಡ ಅಂಬ್ರ್?"

"ನಮ್ ಮೇಜಂಗೆ ನಮ್ಮೂರಿನವ್ರೇ ಐದ್ ಜನ ಇತ್ರ್. ನಾನ್ ಮನಿ ಮುಟ್ಟುಕ್ ಮುಂಚೆ ಸುದ್ದಿ ಮುಟ್ತಿತ್ತ್." ಸೆರಗಿನ ತುದಿ ಕೊಡವಿಕೊಂಡು, "ಸ್ಟೇಶನ್ ನಂಬರಿಗೆ ಗ್ಯಾಸ್ ಅಂದ್ ಹಾಕ್ಕಂಡಿದ್ದೆ. ಗ್ಯಾಸ್ ಅಂದ್ರೆ ಯಾರೂ ಮುಂದೆ ಕೇಂತಿಲ್ಲೆ. ನೀವೇ ಕೇಂಡದ್ದ್" ಎಂದಳು.

ಹೆಣದ ಮುಖವನ್ನೂ ನೋಡುವುದಿಲ್ಲವಂತೆ. ಐಸ್ ತುಂಬಿದ ಪೆಟ್ಟಿಗೆ ಬಿದ್ದು ಗಂಡನ ಬಲಗಾಲಿನ ಹೆಬ್ಬೆರಳಿನ ಉಗುರು ಹೋಗಿತ್ತು, ಮತ್ತೆ ಬೆಳೆಯಲಿಲ್ಲ. ಕಾಲಿನ ಕಡೆಯ ಬಟ್ಟೆ ಎತ್ತಿಸಿ ಅಷ್ಟನ್ನು ನೋಡಿ ಬರುತ್ತಾಳೆ.

ಮರುದಿನ ಮ್ಯಾನೇಜರ್ ಕೇಳಿದಾಗ, ಬೀಜದ ವಿಷಯ ಏನೂ ಇಲ್ಲ, ನಾನು ವಿಚಾರಿಸಿದೆ ಎಂದೆ. "ನಿಮ್ಗೆ ಖಾತ್ರಿಯಾ?" ಎಂದು ಅವರು ನನ್ನನ್ನೇ ಒಂದು ಥರ ನೋಡಿದರು. ಆ ನೋಟ ಹೇಗಿರುತ್ತದೆ ಎಂದು ನನಗೆ ಆವತ್ತು ಗೊತ್ತಾಯಿತು.

ಮಳೆ ಕಡಿಮೆಯಾಗುವ ಹೊತ್ತಿಗೆ ಇನ್ನೊಂದು ಫೋನ್ ಬಂತು. ಈ ಸಲ ಹೋಗಬೇಕಾದ್ದು ಬ್ರಹ್ಮಾವರದ ಕಡೆಗೆ. ನನ್ನ ಊರು ಎಂದು ನಾನೂ ಹೊರಟೆ. ಬೇಡ ಎನ್ನಲಿಲ್ಲ ಅವಳು. ಬಸ್ಸಿನಲ್ಲಿ ಕಿಟಕಿಯ ಬದಿಗೆ ಕುಳಿತಳು. ಸಾಸ್ತಾನದ ಟೋಲ್ ದಾಟಿದ ಮೇಲೆ, "ಹೆಣ ತುಂಬಾ ದಿನ ನೀರೊಳ್ಗೆ ಇದ್ದದ್ದಂಬ್ರ್" ಎಂದಳು.

ನಾನು ಬಾಗಿಲ ಹೊರಗೇ ನಿಂತೆ. ಆಸ್ಪತ್ರೆಯ ಆಳು ನನಗೆ ಅಡ್ಡವಾಗಿ ನಿಂತಿದ್ದರಿಂದ ಏನೂ ಕಾಣಲಿಲ್ಲ. ಅವನು ಬಟ್ಟೆ ಎತ್ತಿದ್ದು ಗೊತ್ತಾಯಿತು. ಅವಳು ಒಂದು ನಿಮಿಷದಲ್ಲಿ ಬರಲಿಲ್ಲ. ಎರಡು ನಿಮಿಷಕ್ಕೂ ಬರಲಿಲ್ಲ. ಆಳು ಮೂಗಿನ ಮೇಲಿನ ಬಟ್ಟೆ ಸರಿಮಾಡಿಕೊಂಡ. ಆಮೇಲೆ ಅವಳ ದನಿ ಕೇಳಿಸಿತು.

"ಮುಖ ಒಂಚೂರ್ ತೋರ್ಸಿ."

ಮತ್ತೆ ಸ್ವಲ್ಪ ಹೊತ್ತು. ಹೊರಗೆ ಬಂದವಳು ಪೊಲೀಸಿನವನ ಮುಖ ನೋಡದೆ, "ಅಲ್ಲ" ಎಂದಳು.

"ಸಮಾ ಕಂಡ್ಕಂಡ್ರ್ಯಾ?"

"ಅಲ್ಲ ಅಂದ್ನಲೆ." ಎರಡು ಹೆಜ್ಜೆ ಹೋಗಿ ತಿರುಗಿ ನಿಂತಳು. "ಯಾರೂ ಬರ್ದಿದ್ರೆ ಮತ್ತೆಂತ ಮಾಡ್ತ್ರಿ ಇವ್ರನ್ನ್?"

ಹೆಣವನ್ನು ಅವಳು ‘ಇವರು’ ಎಂದದ್ದು ನನ್ನ ಕಿವಿಗೆ ಬಿತ್ತು. ಯಾರೂ ಬಾರದಿದ್ದರೆ ಮೂರು ದಿನ ಬಿಟ್ಟು ತಾವೇ ಮಣ್ಣು ಮಾಡುತ್ತೇವೆ, ನಾಲ್ಕು ಜನ ಸೇವೆಯ ಹುಡುಗರಿದ್ದಾರೆ, ಕ್ರಮದಲ್ಲೇ ಮಾಡುತ್ತಾರೆ ಎಂದ ಅವನು. ಎಲ್ಲಿ, ಎಷ್ಟು ಹೊತ್ತಿಗೆ ಎಂದೂ ಕೇಳಿದಳು. ಅವನು ಹೇಳಿದ. ಹಿಂದೆ ಯಾವತ್ತಾದರೂ ಹೀಗೆ ಕೇಳಿದ್ದಳೇ ಎಂದು ನಾನು ಅವನನ್ನು ವಿಚಾರಿಸಬಹುದಿತ್ತು. ವಿಚಾರಿಸಲಿಲ್ಲ.

ನಾಲ್ಕನೆಯ ದಿನ ಅವಳ ಫೋನ್ ರಿಂಗಾಗಲೇ ಇಲ್ಲ. ಹತ್ತು ಗಂಟೆಯ ಹೊತ್ತಿಗೆ ತಾನಾಗಿ ಎದ್ದು ಬಂದು, "ಅಕ್ಕಾ, ಒಂದ್ ಚೀಟಿ" ಎಂದಳು. ಕಾರಣ ಹೇಳಲಿಲ್ಲ. ನಾನು ಕೇಳಲಿಲ್ಲ. ಹೊಟ್ಟೆನೋವು ಎಂದು ಬರೆದುಕೊಟ್ಟೆ.

ಹಾಗೆ ಹೋದ ದಿನಗಳಲ್ಲಿ ಅವಳು ವಾಪಸು ಬರುತ್ತಿರಲಿಲ್ಲ. ಆವತ್ತು ಎರಡು ಗಂಟೆಗೆ ಬಂದಳು. ಮಳೆ ಇರಲಿಲ್ಲ, ಒಳ್ಳೆಯ ಬಿಸಿಲಿತ್ತು. ಅವಳ ತಲೆ ಒದ್ದೆಯಾಗಿತ್ತು. ಎಲ್ಲೋ ತಲೆಗೆ ನೀರು ಹೊಯ್ದುಕೊಂಡು ಬಂದಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಒದ್ದೆ ತಲೆಯಲ್ಲಿ ಮನೆಗೆ ಹೋದರೆ ಅತ್ತೆ ಎಲ್ಲಿಗೆ ಹೋಗಿದ್ದೆ ಎಂದು ಕೇಳುತ್ತಾಳೆ. ಸಂಜೆಯವರೆಗೆ ಇಲ್ಲಿ ಕುಳಿತರೆ ಒಣಗುತ್ತದೆ. ಇದು ನಾನು ಮಾಡಿದ ಲೆಕ್ಕ. ಅವಳು ಕಿಟಕಿಯ ಬದಿಯಲ್ಲಿ ಕುಳಿತು ಸಿಪ್ಪೆ ತೆಗೆಯತೊಡಗಿದಳು. ಆವತ್ತು ಅವಳ ಕೈಯಲ್ಲಿ ಬೀಜ ಒಡೆಯುತ್ತಿತ್ತು. ಒಡೆದ ಚೂರುಗಳನ್ನು ನಾನೇ ಹೋಗಿ ಬೇರೆಯವರ ತಟ್ಟೆಗೆ ಸೇರಿಸಿದೆ.

ಮರುದಿನದಿಂದ ಅವಳ ಡಬ್ಬಿಯಲ್ಲಿ ಮೀನಿರಲಿಲ್ಲ. ಕಡಲ ಬದಿಯ ಮನೆಯವಳು ಸೌತೆಕಾಯಿ ಹುಳಿ, ಉಪ್ಪಿನಕಾಯಿ ತಂದು ಉಣ್ಣುತ್ತಿದ್ದಳು. ಪಕ್ಕದವಳು ಬಂಗುಡೆ ಗಸಿ ಹಾಕಲು ಬಂದರೆ ಕೈ ಅಡ್ಡ ಹಿಡಿದು, "ಕೊಲ್ಲೂರಿಗೆ ಹರಕೆ ಹೇಳ್ಕಂಡಿದ್ದೆ" ಎಂದಳು. ಯಾರೂ ಮುಂದೆ ಕೇಳಲಿಲ್ಲ. ನಾನು ಮಾತ್ರ ದಿನ ಎಣಿಸಿದೆ. ಹದಿಮೂರು ದಿನ ದಾಟಿದ ಮೇಲೆ ಅವಳ ಡಬ್ಬಿಯಲ್ಲಿ ಮತ್ತೆ ಮೀನು ಬಂತು. ಹಣೆಯ ಕುಂಕುಮ, ಕತ್ತಿನ ಕರಿಮಣಿ ಇದ್ದ ಹಾಗೆಯೇ ಇದ್ದವು. ಗಂಡ ಹೇಗಿದ್ದಾನೆ ಎಂದು ಯಾರಾದರೂ ಕೇಳಿದರೆ, "ಹುಷಾರಿದ್ರ್, ಸೀಸನ್ ಮುಗ್ದ್ ಮೇಲೆ ಬತ್ರ್" ಎನ್ನುತ್ತಿದ್ದಳು.

ಗೂಡಿನಲ್ಲಿದ್ದ ಅವಳ ಫೋನಿಗೆ ಆಮೇಲೆ ಆ ಕರೆ ಬಂದದ್ದನ್ನು ನಾನು ಕಾಣಲಿಲ್ಲ. ನಂಬರ್ ಬದಲಿಸಿದಳೋ, ಇನ್ನು ಫೋನ್ ಮಾಡಬೇಡಿ ಎಂದು ಸ್ಟೇಶನ್ನಿಗೆ ಹೇಳಿ ಬಂದಳೋ ತಿಳಿಯದು. ಕೆಲವೊಮ್ಮೆ ನನಗೆ ನನ್ನ ಮೇಲೆಯೇ ಸಂಶಯ ಬರುತ್ತಿತ್ತು. ತುರುಬಿನಲ್ಲಿ ಬೀಜ ಹುಡುಕುವ ಬುದ್ಧಿಯಲ್ಲಿ ನಾನು ಇಲ್ಲದ ಸಾವೊಂದನ್ನು ಹುಡುಕಿದೆನೇ? ಹರಕೆ ನಿಜವೇ ಇದ್ದರೆ? ಸೆಕೆಗೆ ಸ್ನಾನ ಮಾಡಿದ್ದಿದ್ದರೆ?

ನಾನು ಕಾರ್ಖಾನೆ ಬಿಟ್ಟ ಮೇಲೆ, ಹೋದ ವರ್ಷ, ಅವಳು ಫೋನ್ ಮಾಡಿ ಅತ್ತೆ ತೀರಿಕೊಂಡರು ಎಂದಳು. ಹದಿಮೂರನೆಯ ದಿನದ ಊಟಕ್ಕೆ ಕರೆದಳು. ಹೋದೆ. ಸಣ್ಣ ಮನೆ, ಹಿಂದೆಯೇ ಕಡಲಿನ ಸದ್ದು. ಒಳಗಿನ ಕೋಣೆಯಲ್ಲಿ ದೀಪ ಹಚ್ಚಿ ತೀರಿಕೊಂಡವರಿಗೆ ಎಲೆ ಬಡಿಸಿದ್ದರು. ಎರಡು ಎಲೆಗಳಿದ್ದವು.

ನೆರೆಮನೆಯ ಮುದುಕರೊಬ್ಬರು ಬಗ್ಗಿ ನೋಡಿ ಕೇಳಿಯೇಬಿಟ್ಟರು: "ಹ್ವಾಯ್, ಎರಡ್ ಎಲೆ ಎಂತಕ್ಕೆ ಹೆಣ್ಣೇ?"

"ಒಂದ್ ಅತ್ತೆಗೆ, ಒಂದ್ ಮಾವಂಗೆ" ಎಂದಳು ಅವಳು.

"ನಿನ್ ಮಾವ ಹೋಯಿ ಇಪ್ಪತ್ ವರ್ಷ ಆಯ್ತಲೆ!"

"ಇರ್ಲಿ ಮಾರಾಯ್ರೇ, ಅತ್ತೆ ಒಬ್ರೇ ಉಣ್ಕಲ್ದಾ" ಎಂದು ಅವಳು ಬಾಗಿಲು ಎಳೆದುಕೊಂಡಳು.

ಸಂಜೆ ನನ್ನನ್ನು ಬಸ್ ಸ್ಟಾಪಿನವರೆಗೆ ಬಿಡಲು ಬಂದಳು. ಕರಿಮಣಿ ಇನ್ನೂ ಕತ್ತಿನಲ್ಲಿತ್ತು. ನಾಳೆಯಿಂದ ಕೆಲಸಕ್ಕೆ ಹೋಗುತ್ತಾಳಂತೆ, ಹೊಸ ಸೂಪರ್‌ವೈಸರ್ ಒಳ್ಳೆಯವಳಂತೆ, ಎಲ್ಲವನ್ನೂ ನಂಬುತ್ತಾಳಂತೆ. ಇಬ್ಬರೂ ನಕ್ಕೆವು. ಆಮೇಲೆ ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಅತ್ತೆ ಹೋದ ಮೇಲೆ ನಿಜ ಯಾರ ಕಿವಿಗೆ ಬಿದ್ದರೂ ತೊಂದರೆಯಿಲ್ಲ. ಬ್ರಹ್ಮಾವರದಲ್ಲಿ ಕಂಡದ್ದು ಯಾರನ್ನು ಎಂದು ನಾನು ಕೇಳಲಿ ಎಂದೇ ನಿಂತಿದ್ದಳೋ ಏನೋ. ಅಷ್ಟರಲ್ಲಿ ಬಸ್ಸು ಬಂತು, ಕಂಡಕ್ಟರ್ ಅವಸರ ಮಾಡಿದ. ನಾನು ಹತ್ತಿ ಕುಳಿತೆ.