ತಂಗಿಯಿಲ್ಲದ ಪಾತ್ರಗಳು

ಗುಂಡಿಯಕ್ಕ ಎಂಬ ಹೆಸರು ಅವಳಿಗೆ ಅಂಟಿದ್ದು ಟೈಲರ್ ಅಂಗಡಿಯಲ್ಲಿ. ಕಳಚಿದ ಗುಂಡಿ, ಹರಿದ ಅಸ್ತರು, ಮಾಲೀಕನ ಹೊಟ್ಟೆಯ ಜೊತೆ ಬೆಳೆಯಲಾರದ ಸೊಂಟಪಟ್ಟಿ, ಇವನ್ನೆಲ್ಲ ಸರಿಮಾಡುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಕಿಟಕಿ, ಅದೇ ಸ್ಟೂಲು, ಅದೇ ಕುಂಟು ಇಸ್ತ್ರಿ ಮೇಜು.

ಅವಳಿಗೆ ಇನ್ನೊಂದು ಕೆಲಸವೂ ಇತ್ತು. ಭಾನುವಾರ ಮಧ್ಯಾಹ್ನ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾಲ್ಕೈದು ಜನ ಸೇರಿ ಪಾತ್ರದಾಟ ಆಡುತ್ತಾರೆ. ಸೈಕಲ್ ಅಂಗಡಿಯವನು ಕಥೆ ನಡೆಸುತ್ತಾನೆ: "ಸೇತುವೆ ಮುರಿದಿದೆ, ಹಿಂದೆ ಸೈನ್ಯ ಬರ್ತಾ ಇದೆ. ಏನು ಮಾಡ್ತೀರಾ?" ಉಳಿದವರು ತಂತಮ್ಮ ಪಾತ್ರವಾಗಿ ಉತ್ತರ ಕೊಡಬೇಕು, ಅನುಮಾನ ಬಂದರೆ ದಾಳ ಉರುಳಿಸಬೇಕು. ಕತ್ತೆ ವಯಸ್ಸಾದವರಿಗೆ ಇದೆಂಥ ಮಕ್ಕಳಾಟ ಎಂದು ನಗುವವರು ನಗಲಿ, ನನಗೇನು! ಟೀವಿ ಮುಂದೆ ಬಾಯಿ ಕಳೆದು ಕೂರುವುದಕ್ಕಿಂತ ಇದು ಸಾವಿರ ಪಾಲು ವಾಸಿ. ಆ ಆಟಕ್ಕೆ ಪಾತ್ರಗಳನ್ನು ಕಟ್ಟಿಕೊಡುವವಳು ಗುಂಡಿಯಕ್ಕ. ತಾನು ಮಾತ್ರ ಆಡುತ್ತಿರಲಿಲ್ಲ.

ಒಂದು ಸಲ ಔಷಧಿ ಅಂಗಡಿಯವನು ಬಂದು ಎದುರಿಗೆ ಕೂತ. "ನಂಗೊಬ್ಬ ರಾಜ ಬೇಕು. ಆರಡಿ ಎತ್ತರ. ಕೈಯಲ್ಲಿ ಕತ್ತಿ."

"ಕತ್ತಿ ಆಮೇಲೆ ನೋಡೋಣ. ಜೇಬಲ್ಲಿ ಏನಿದೆ ಹೇಳಿ."

"ರಾಜನಿಗೆಲ್ಲಿಯ ಜೇಬು, ಅಕ್ಕ?"

"ಜೇಬಿಲ್ಲದ ಮನುಷ್ಯನ್ನ ನಾನು ಇನ್ನೂ ನೋಡಿಲ್ಲ."

ಸುಮ್ಮನೆ ಹೇಳಿದ ಮಾತಲ್ಲ ಅದು. ರಿಪೇರಿಗೆ ಬಂದ ಕೋಟುಗಳ ಜೇಬಲ್ಲಿ ಅವಳು ಏನೇನು ನೋಡಿಲ್ಲ! ದೊಡ್ಡ ಅಧಿಕಾರಿಯ ಕೋಟಿನಲ್ಲಿ ಹಸುಗೂಸಿನ ಒಂಟಿ ಕಾಲ್ಚೀಲ, ಜಗಳಗಂಟನ ಕೋಟಿನಲ್ಲಿ ಮಡಿಸಿ ಮಡಿಸಿ ಸವೆದ ಕ್ಷಮಾಪಣೆಯ ಚೀಟಿ. ಮುಖ ಸುಳ್ಳು ಹೇಳಬಹುದು, ಜೇಬು ಹೇಳುವುದಿಲ್ಲ. ಜೇಬು ಮುಗಿದ ಮೇಲೆ ಉಳಿದ ಪ್ರಶ್ನೆಗಳು: ಇವನಿಗೆ ಯಾವುದು ಬೇಕೇ ಬೇಕು? ಅದಕ್ಕೆ ಅಡ್ಡ ನಿಂತವರು ಯಾರು? ಎಲ್ಲರಿಗೂ ಹೇಳಿಕೊಂಡು ಬಂದ ಸುಳ್ಳು ಯಾವುದು? ಅರ್ಧ ಗಂಟೆಯಲ್ಲಿ ಆರಡಿಯ ರಾಜ ಕರಗಿಹೋಗಿ, ತನಗೆ ಕಿವಿ ಕೇಳಿಸದು ಎಂಬುದನ್ನು ಮುಚ್ಚಿಟ್ಟು, ಎಲ್ಲದಕ್ಕೂ ತಲೆಯಾಡಿಸಿ, ಗೊತ್ತಿಲ್ಲದೆ ಎರಡು ಯುದ್ಧಕ್ಕೆ ಒಪ್ಪಿಗೆ ಕೊಟ್ಟ ಮುದಿ ದೊರೆಯೊಬ್ಬ ತಯಾರಾದ. ಔಷಧಿಯವನಿಗೆ ಖುಷಿಯೋ ಖುಷಿ.

ಹೊಸಬರಿಗೆ ಅವಳು ತಪ್ಪದೆ ಹೇಳುವ ಮಾತು ಒಂದಿತ್ತು. "ಯಾರನ್ನೂ ಇಡಿಯಾಗಿ ಎತ್ತಬೇಡಿ. ಒಬ್ಬರ ಕೆಮ್ಮು ತಗೊಳ್ಳಿ, ಇನ್ನೊಬ್ಬರ ನಡಿಗೆ ತಗೊಳ್ಳಿ, ಮತ್ತೊಬ್ಬರ ಹಟ ತಗೊಳ್ಳಿ. ಬದುಕಿರೋ ಮನುಷ್ಯರನ್ನ ಪೂರ್ತಿ ಎತ್ಕೊಂಡು ಬಂದ್ರೆ ಅದು ಕಳ್ಳತನ."

ಎರಡು ವರ್ಷದ ಹಿಂದೆ ಗುಂಪಿಗೆ ಸೇರಿದ ಬಸ್ ಕಂಡಕ್ಟರ್ ಹೆಂಗಸೊಬ್ಬಳಿದ್ದಳು. ಬಾಯಿ ಜೋರು, ಕಣ್ಣು ಅದಕ್ಕಿಂತ ಜೋರು. ಅವಳು ಒಂದು ದಿನ ಕೇಳಿಯೇಬಿಟ್ಟಳು: "ಅಕ್ಕ, ನೀವು ಮಾಡಿದ ಪಾತ್ರಗಳಿಗೆ ಅಪ್ಪ ಇದ್ದಾನೆ, ಅತ್ತೆ ಇದ್ದಾಳೆ, ಆ ಕಿವುಡ ದೊರೆಗೆ ಮೂರು ಜನ ಷಡ್ಕರು ಬೇರೆ. ಒಬ್ಬರಿಗಾದ್ರೂ ತಂಗಿ ಇಲ್ವಲ್ಲ, ಯಾಕೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಗುಂಡಿಯಕ್ಕ ತಲೆಯ ಮೇಲಿದ್ದ ಕನ್ನಡಕವನ್ನು ಮೇಜಿನ ಕೆಳಗೆಲ್ಲ ಹುಡುಕಿದಳು. "ಹಾಗೇನಿಲ್ಲ" ಎಂದಳು. ಅದು ಸುಳ್ಳು.

ತಂಗಿ ಇದ್ದಳು. ಚಿಕ್ಕಂದಿನಲ್ಲಿ ಇಬ್ಬರೂ ಅಮ್ಮನ ಗುಂಡಿ ಡಬ್ಬಿಯನ್ನು ನೆಲಕ್ಕೆ ಸುರಿದುಕೊಂಡು ಒಂದೊಂದು ಗುಂಡಿಯನ್ನೂ ಒಬ್ಬೊಬ್ಬ ಮನುಷ್ಯನನ್ನಾಗಿ ಮಾಡುತ್ತಿದ್ದರು. ಕಂಚಿನ ಗುಂಡಿ ಪೊಲೀಸಪ್ಪ, ಒಡೆದ ಬಿಳಿ ಗುಂಡಿ ವಿಧವೆ. "ಇವನ ಜೇಬಲ್ಲಿ ಏನಿದೆಯೇ?" ಎಂದು ಮೊದಲು ಕೇಳಿದವಳೇ ತಂಗಿ. ಈಗ ಊರೆಲ್ಲ ಗುಂಡಿಯಕ್ಕನ ಜಾಣತನ ಎಂದು ಹೊಗಳುವ ವಿದ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅವಳದು.

ಹನ್ನೆರಡು ವರ್ಷದ ಹಿಂದೆ ಆಟ ನಡೆಯುತ್ತಿದ್ದುದು ಇವರ ಮನೆಯ ಹೊರಕೋಣೆಯಲ್ಲೇ. ಆಗ ತಂಗಿಯ ಆಫೀಸು ಕೆಲಸ ಹೋಗಿತ್ತು. ಅಮ್ಮನಿಗೆ ಹೇಳಲು ಬಾಯಿ ಬರದೆ, ಮೂರು ತಿಂಗಳು ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಟು, ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಸಂಜೆಯವರೆಗೆ ಕೂತು ಬರುತ್ತಿದ್ದಳು. ಒಂದು ದಿನ ಬಟ್ಟೆ ಒಣಹಾಕುವಾಗ ಅಕ್ಕನ ಹತ್ತಿರ ಮಾತ್ರ ಹೇಳಿ ಅತ್ತಳು.

ಆ ವಾರ ಗುಂಡಿಯಕ್ಕನಿಗೆ ಒಂದು ಪಾತ್ರ ಬೇಕಿತ್ತು, ಏನೂ ಹೊಳೆಯಲಿಲ್ಲ. ಹೊಳೆದದ್ದು ಇದೊಂದೇ: ದಿನಾ ಡಬ್ಬಿ ಹಿಡಿದು ಸ್ಟೇಷನ್ನಿಗೆ ಹೋಗುವ, ಯಾವ ರೈಲೂ ಹತ್ತದ ಹೆಂಗಸು. ಹೆಸರು ಬದಲಾಯಿಸಿದಳು, ಜಡೆ ಕತ್ತರಿಸಿ ಗಿಡ್ಡ ಕೂದಲು ಮಾಡಿದಳು. ಅಷ್ಟು ಸಾಕು ಅಂದುಕೊಂಡಳಲ್ಲ, ಪೆದ್ದಿ! ಮೇಜಿನ ಸುತ್ತ ಕೂತವರೆಲ್ಲ ವಾಹ್ ಅಂದರು. "ಇವಳಿಗೆ ಮನೇಲಿ ಯಾರಿದ್ದಾರೆ?" ಎಂದು ಯಾರೋ ಕೇಳಿದರು. ಚಹಾ ತಂದಿದ್ದ ತಂಗಿ ಬಾಗಿಲಲ್ಲೇ ನಿಂತು ಉತ್ತರ ಕೊಟ್ಟಳು.

"ಒಬ್ಬಳು ಅಕ್ಕ ಇದ್ದಾಳೆ. ಅವಳಿಗೆ ಮಾತ್ರ ಹೇಳಿದ್ಲು."

ನಾಲ್ಕನೇ ದಿನ ಅವಳು ನಿಜವಾಗಿ ರೈಲು ಹತ್ತಿದಳು. ಮೂರು ಗಂಟೆ ದೂರದ ಪಟ್ಟಣದಲ್ಲಿ ಕೆಲಸ ಹಿಡಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಮ್ಮನಿಗೆ ಕಾಗದ ಬರುತ್ತಿತ್ತು, ಹಿಂದುಗಡೆ ವಿಳಾಸವೂ ಇರುತ್ತಿತ್ತು. "ಒಂದ್ಸಲ ಹೋಗಿ ಬಾರೇ" ಎಂದು ಅಮ್ಮ ಗೋಗರೆದಳು. ಯಾವ ಮುಖ ಹೊತ್ತು ಹೋಗುವುದು?

ಕೋಟಿನ ಜೇಬಲ್ಲಿ ಏನಾದರೂ ಸಿಕ್ಕಾಗೆಲ್ಲ ಗುಂಡಿಯಕ್ಕ ಈಗಲೂ ಪಕ್ಕಕ್ಕೆ ತಿರುಗುತ್ತಿದ್ದಳು. ಇದನ್ನು ಅವಳಿಗೆ ಹೇಳಬೇಕು. ದಿನಕ್ಕೆ ಹತ್ತು ಸಲ ಹಾಗನ್ನಿಸುತ್ತಿತ್ತು, ಹತ್ತು ಸಲವೂ ಪಕ್ಕದಲ್ಲಿ ಇಸ್ತ್ರಿ ಮೇಜೇ ಇರುತ್ತಿತ್ತು. ಬೇರೆಯವರಿಗೆ ಏನು ಬೇಕು ಎಂದು ಕೇಳಿ ಕೇಳಿ ಪಾತ್ರ ಕಟ್ಟುವವಳಿಗೆ ತನಗೆ ಬೇಕಾದದ್ದು ಯಾವುದೆಂದು ಚೆನ್ನಾಗಿ ಗೊತ್ತಿತ್ತು. ತಂಗಿ ಬೇಕಿತ್ತು.

ಕಂಡಕ್ಟರ್ ಬಿಡುವ ಪೈಕಿಯಲ್ಲ. ಮುಂದಿನ ವಾರ ಮತ್ತೆ ಕೆದಕಿದಳು. ಗುಂಡಿಯಕ್ಕ ತಡೆಯಲಾರದೆ ಎಲ್ಲವನ್ನೂ ಹೇಳಿ ಅತ್ತಳು. ಸೈಕಲ್ ಅಂಗಡಿಯವನು ದಾಳವನ್ನು ಅವಳ ಮುಂದಕ್ಕೆ ತಳ್ಳಿ, "ಈ ಸಲ ಪಾತ್ರ ಮಾಡಿ ನೀವೇ ಆಡಿ" ಎಂದ.

"ಯಾರನ್ನ ಮಾಡ್ಲಿ?"

"ನಿಮ್ಮನ್ನೇ. ನಿಮ್ಮನ್ನ ನೀವು ಎತ್ತಿದ್ರೆ ಕಳ್ಳತನ ಆಗಲ್ಲ."

ಹಾಗಾಗಿ ಗುಂಡಿಯಕ್ಕ ಬಾಗಿಲು ತಟ್ಟುವ ಅಕ್ಕನಾದಳು, ಕಂಡಕ್ಟರ್ ಬಾಗಿಲ ಒಳಗಿನ ತಂಗಿ. ಮೊದಲ ಭಾನುವಾರ ತಂಗಿ ಬಾಯಿಗೆ ಬಂದಂತೆ ಬೈದಳು. ಎರಡನೆಯ ವಾರ ಬಿಕ್ಕಿ ಬಿಕ್ಕಿ ಅತ್ತಳು. ಮೂರನೆಯ ವಾರ ಮುಖದ ಮೇಲೆ ಬಾಗಿಲು ಹಾಕಿದಳು. ಔಷಧಿಯವನು ತನ್ನ ದೊರೆಯ ಸೈನ್ಯ ಕರೆಸಿ ಬಾಗಿಲು ಒಡೆಸುತ್ತೇನೆ ಎಂದು ಎದ್ದ. ಎಲ್ಲರೂ ಗದರಿಸಿ ಕೂರಿಸಿದರು. ಬೈದರೆ ಏನು ಹೇಳುವುದು, ಅತ್ತರೆ ಏನು, ಬಾಗಿಲು ಹಾಕಿದರೆ ಹೊರಗೆ ನಿಂತು ಏನು ಹೇಳುವುದು, ಮೂರಕ್ಕೂ ಗುಂಡಿಯಕ್ಕನ ಬಳಿ ಉತ್ತರ ಸಿದ್ಧವಾಯಿತು.

"ಇನ್ನು ಇಲ್ಲಿ ಆಡೋಕೆ ಏನೂ ಉಳಿದಿಲ್ಲ" ಎಂದಳು ಕಂಡಕ್ಟರ್. "ಬರೋ ಭಾನುವಾರ ಬೆಳಿಗ್ಗೆ ಏಳೂವರೆಗೆ ನಿಮ್ಮ ತಂಗಿ ಊರಿನ ಬಸ್ಸು. ನಂದೇ ಡ್ಯೂಟಿ. ಬರದೇ ಇದ್ರೆ ಮನೆಗೆ ಬಂದು ಎತ್ತಾಕ್ಕೊಂಡು ಹೋಗ್ತೀನಿ."

ಆ ಭಾನುವಾರ ಮೂರನೇ ಮಹಡಿಯ ಹಸಿರು ಬಾಗಿಲನ್ನು ಗುಂಡಿಯಕ್ಕ ತಟ್ಟಿದಳು. ಮೂರು ಉತ್ತರಗಳನ್ನೂ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಳು. ಬಾಗಿಲು ತೆರೆಯಿತು. ತಂಗಿಗೆ ಕನ್ನಡಕ ಬಂದಿತ್ತು, ಕಿವಿಯ ಪಕ್ಕ ನರೆ ಬಂದಿತ್ತು. ಅವಳು ಬೈಯಲಿಲ್ಲ, ಅಳಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ಅಕ್ಕನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಕಣ್ಣು ಕಾಲಿನ ಹತ್ತಿರ ನಿಂತಿತು.

"ಚಪ್ಪಲಿ ಒಳಗೇ ಬಿಡು. ಪಕ್ಕದ ಮನೆ ನಾಯಿ ಎತ್ಕೊಂಡು ಹೋಗುತ್ತೆ."

ನೂರು ಪಾತ್ರ ಕಟ್ಟಿದವಳಿಗೂ ಈ ಒಂದು ಮಾತು ಹೊಳೆದಿರಲಿಲ್ಲ. ಬಗ್ಗಿ ಚಪ್ಪಲಿಯ ಬಕಲ್ ಬಿಚ್ಚಹೋದಳು, ಸೂಜಿ ಹಿಡಿದು ಪಳಗಿದ ಕೈಗೆ ಅದು ಬಗ್ಗಲಿಲ್ಲ. ತಂಗಿ ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತು ತಾನೇ ಬಿಚ್ಚಿದಳು.

"ಕ್ಷಮಿಸು ಅಂತ ಕೇಳೋಕೆ ಬಂದೆ ಕಣೇ" ಎಂದಳು ಗುಂಡಿಯಕ್ಕ.

ತಂಗಿ ತಲೆಯೆತ್ತಲಿಲ್ಲ. ಚಪ್ಪಲಿ ಅವಳ ಕೈಯಲ್ಲೇ ಇತ್ತು.

"ಗೊತ್ತು" ಎಂದಳು. "ಬರೋಕೆ ಇಷ್ಟು ಹೊತ್ತು ಬೇಕಿತ್ತಾ, ಅಕ್ಕ?"