ಸದ್ದಿಲ್ಲದೆ ಇಳಿಯುವ ಗುಂಡು

ಬೆಳಗಿನ ಐದೂವರೆ. ಅಡುಗೆಮನೆಯ ಬಾಗಿಲ ಬಳಿ ಹಾಸಿದ ಹಳೆಯ ಚಾಪೆಯ ಮೇಲೆ, ಮೇಲ್ಗಡೆ ಹಿಡಿಕೆಯಿರುವ ಕಬ್ಬಿಣದ ಗುಂಡೊಂದು ಕೂತಿದೆ. ಕೆಟಲ್‌ಬೆಲ್ ಅಂತ ಅದರ ಹೆಸರು. ಮುಂದೆ ನಿಂತ ಹೆಂಗಸು ಎರಡೂ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡು, ಆಮೇಲೆಯೇ ಹಿಡಿಕೆ ಮುಟ್ಟುತ್ತಾರೆ. ರೋಗಿಗಳ ಮೈಗೆ ತಣ್ಣನೆಯ ಕೈ ತಾಗಬಾರದೆಂದು ರೂಢಿಸಿಕೊಂಡ ಅಭ್ಯಾಸ. ಕಬ್ಬಿಣಕ್ಕೂ ಅದೇ ಮರ್ಯಾದೆ.

ಕುರ್ಚಿಯಲ್ಲಿ ಕೂತು ಎಣಿಸುವವರು ಅವರ ಅತ್ತೆ. ನಡುವೆ ಒಂದು ಆಕಳಿಕೆ ಬಂದರೆ ಲೆಕ್ಕ ಹಿಂದಕ್ಕೆ ಜಾರುತ್ತದೆ.

"ಅತ್ತೆ, ಎಂಟು ಆಗ್ಲೇ ಆಯ್ತು."

"ಆದ್ರೆ ಏನೀಗ? ಇನ್ನೊಂದ್ಸಲ ಎತ್ತಿದ್ರೆ ಕೈ ಸವೆದು ಹೋಗುತ್ತಾ?"

ಈ ಸೊಸೆ ಆಸ್ಪತ್ರೆಯ ಮೂಳೆ ವಾರ್ಡಿನ ಆಯಾ. ಹನ್ನೆರಡು ವರ್ಷದ ಕೆಲಸ. ಅವರಿಗಿಂತ ಮೂವತ್ತು ವರ್ಷ ದೊಡ್ಡವರಾದ ರೋಗಿಗಳೂ ಅವರನ್ನು 'ಚಿಕ್ಕಮ್ಮ' ಎನ್ನುತ್ತಾರೆ. ಇಪ್ಪತ್ತನಾಲ್ಕು ಮಂಚಗಳು, ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ದಿನಕ್ಕೆ ನಲವತ್ತು ಸಲವಾದರೂ ಯಾರನ್ನಾದರೂ ಎತ್ತಿ ಇಳಿಸಬೇಕು. ಏಳು ತಿಂಗಳ ಹಿಂದೆ ಬಚ್ಚಲುಮನೆಯಲ್ಲಿ ಭಾರೀ ಮೈಯ ಅಜ್ಜಿಯೊಬ್ಬರು ಜಾರಿದಾಗ ಇವರು ತಬ್ಬಿ ಹಿಡಿದರು. "ಅಜ್ಜಿಗೆ ಒಂದು ಗೀರೂ ಆಗ್ಲಿಲ್ಲ. ನನ್ನ ಸೊಂಟ ಮಾತ್ರ ರಾಜೀನಾಮೆ ಕೊಡ್ತು," ಎಂದು ನಗುತ್ತಾರೆ.

ಈಗ ಅವರು ಇರುವುದು ವಾರ್ಡುಗಳಿಗೆ ಒಗೆದ ಬಟ್ಟೆ ಕೊಡುವ ಕಿಟಕಿಯಲ್ಲಿ. ವಾರ್ಡಿಗೆ ಮರಳಬೇಕಾದರೆ ಇವತ್ತು ಹದಿನಾರು ಕಿಲೋ ಗುಂಡನ್ನು ನೆಲದಿಂದ ಸ್ಟೂಲಿಗೆ, ಸ್ಟೂಲಿನಿಂದ ನೆಲಕ್ಕೆ ಹತ್ತು ಸಲ ನೋವಿಲ್ಲದೆ ಇಟ್ಟು ತೋರಿಸಬೇಕು. ಆಗದಿದ್ದರೆ ಕಿಟಕಿಯೇ ಕಾಯಂ. "ಒಳ್ಳೇ ಕೆಲಸಾನೇ, ಕೂತ್ಕೊಂಡು ಮಾಡ್ಬಹುದು. ಆದ್ರೆ ಬೆಡ್‌ಶೀಟು 'ಚಿಕ್ಕಮ್ಮಾ' ಅಂತ ಕರೆಯಲ್ವಲ್ಲ!"

ನಾಲ್ಕು ಕಿಲೋದಿಂದ ಶುರುವಾದ ಅಭ್ಯಾಸ ಇದು. ಎಂಟಕ್ಕೆ ಬಂದಾಗ ನೋವು ಮರುಕಳಿಸಿ ಮೂರು ವಾರ ಮಲಗಿದರು. ಎತ್ತುವುದರಲ್ಲಿ ತಪ್ಪಿರಲಿಲ್ಲ. ನೆಲಕ್ಕೆ ತಾಗುವಾಗ ಸದ್ದಾಗಬಾರದೆಂದು ಉಸಿರು ಕಟ್ಟಿ, ಬೆನ್ನು ಬಗ್ಗಿಸಿ, ನಿಧಾನಕ್ಕೆ ಇಡುತ್ತಿದ್ದರು. "ಇನ್ನು ಅದಕ್ಕೆ ಹೊದಿಸಿ ಜೋಗುಳ ಹಾಡೋದೊಂದು ಬಾಕಿ," ಎಂದು ಅತ್ತೆ ಆಗಲೇ ಹಂಗಿಸಿದ್ದರಂತೆ.

ವ್ಯಾಯಾಮ ಕಲಿಸುವ ಫಿಸಿಯೋ ಹೇಳಿ ನೋಡಿದರು: "ಇದು ಕಬ್ಬಿಣ ಚಿಕ್ಕಮ್ಮ, ನೋವಾಗಲ್ಲ. ಧಪ್ ಅಂತ ಬಿಟ್ಬಿಡಿ."

"ಕೈ ಕೇಳಲ್ಲ ಸಾರ್. ಇಳಿಸೋವಾಗ್ಲೇ ಅಲ್ವಾ ಜನಕ್ಕೆ ಭಯ ಆಗೋದು?"

ಫಿಸಿಯೋ ಉಪಾಯ ಬದಲಿಸಿದರು. ಮೆಲ್ಲಗೇ ಇಳಿಸಲಿ, ಆದರೆ ಸೊಂಟ ಹಿಂದಕ್ಕೆ ತಳ್ಳಿ, ಬೆನ್ನು ನೇರ ಇಟ್ಟು, ಉಸಿರು ಬಿಡುತ್ತ ಇಳಿಸಲಿ ಎಂದು ನಾಲ್ಕು ಕಿಲೋದಿಂದ ಮತ್ತೆ ಕಲಿಸಿದರು.

ಒಂಬತ್ತು ಗಂಟೆಗೆ ಆಸ್ಪತ್ರೆಯ ವ್ಯಾಯಾಮದ ಕೋಣೆ. ಫಿಸಿಯೋ ಕೈಯಲ್ಲಿ ಹಾಳೆ, ಬಾಗಿಲಲ್ಲಿ ವಾರ್ಡಿನ ಹಿರಿಯ ನರ್ಸು, ಮೂಲೆಯ ಗಾಲಿಕುರ್ಚಿಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಅಜ್ಜ. ಚಿಕ್ಕಮ್ಮ ಅಂಗೈ ಉಜ್ಜುತ್ತಾರೆ. ಆರನೆಯದಕ್ಕೆ ಹಣೆಯಲ್ಲಿ ಬೆವರು. ಒಂಬತ್ತನೆಯದಕ್ಕೆ ಮುಂಚೆ ಪಾದ ಸರಿಮಾಡಿಕೊಂಡು ನಿಲ್ಲುತ್ತಾರೆ. ನರ್ಸು ತಮಗರಿವಿಲ್ಲದೆ ಒಂದು ಹೆಜ್ಜೆ ಮುಂದೆ ಬರುತ್ತಾರೆ. ಹತ್ತು. ಗುಂಡು ನೆಲ ಸೇರುತ್ತದೆ.

"ನೋವು?" ಎಂದು ಫಿಸಿಯೋ ಕೇಳುತ್ತಾರೆ. ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟು, ಅವಸರವಿಲ್ಲದೆ ವಿಚಾರಿಸಿಕೊಂಡು, ಇಲ್ಲವೆಂದು ತಲೆಯಾಡಿಸುತ್ತಾರೆ. ಫಿಸಿಯೋ ಹಾಳೆಗೆ ಸಹಿ ಹಾಕಿ ನರ್ಸಿನ ಕೈಗೆ ಕೊಡುತ್ತಾರೆ.

"ಭಲೇ! ಹದಿನಾರು ಕಿಲೋ ಎತ್ತಿಬಿಟ್ರಲ್ಲ ಚಿಕ್ಕಮ್ಮ!" ಎಂದು ಅಜ್ಜ ಚಪ್ಪಾಳೆ ತಟ್ಟುತ್ತಾರೆ.

ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಅಜ್ಜನ ಗಾಲಿಕುರ್ಚಿಯ ಹಿಡಿಕೆ ಹಿಡಿಯುತ್ತಾರೆ.

"ಎತ್ತೋದಿರ್ಲಿ ಅಜ್ಜ. ಇಳಿಸಿದ್ದು ಕೇಳಿಸ್ತಾ?"